ಕಬ್ಬನ್ ಸಾಹೇಬ ನಿಜಕ್ಕೂ ಹೇಗಿದ್ದ? ಪಾರ್ಕ್ ಬಿಟ್ಟು ನಮಗೆ ಏನು ಗೊತ್ತು?

ಹಳೇಬೇರು
ಬೆಂಗಳೂರಿನಲ್ಲಿ ಕಬ್ಬನ್ ಹೆಸರಿನ ಪಾರ್ಕ್ ಇದೆ, ರಸ್ತೆ ಇದೆ, ಪೇಟೆ ಇದೆ, ಮೆಟ್ರೋ ನಿಲ್ದಾಣವೂ ಇದೆ. ಆದರೆ ಆ ಮನುಷ್ಯ ಯಾರು ಅಂತ ಕೇಳಿದರೆ "ಪಾರ್ಕ್ ಮಾಡಿಸಿದ ಬ್ರಿಟಿಷ್ ದೊರೆ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಲೆಫ್ಟಿನೆಂಟ್ ಜನರಲ್ ಸರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದರು, ಅಧಿಕಾರ ಇವರ ಕೈಯಲ್ಲಿತ್ತು. ಸುಮಾರು 27 ವರ್ಷ! ಅಷ್ಟು ಕಾಲ ಒಬ್ಬನೇ ಮನುಷ್ಯ ಆಳಿದ ಮೇಲೆ ಒಳ್ಳೆಯದೋ ಕೆಟ್ಟದ್ದೋ ಏನಾದರೂ ಬಿಟ್ಟು ಹೋಗಿರಲೇಬೇಕು ಅಲ್ವಾ?

ನಮ್ಮ ಮನೆಯಲ್ಲೇ ಎರಡು ಪಕ್ಷ. ಅಪ್ಪನ ಪ್ರಕಾರ ರಸ್ತೆ, ಸೇತುವೆ ಎಲ್ಲ ಅವನ ಕೊಡುಗೆ. ಚಿಕ್ಕಪ್ಪನ ಪ್ರಕಾರ ನಮ್ಮ ಮಹಾರಾಜರ ಗಾದಿ ಕಿತ್ತುಕೊಂಡವನಿಗೆ ಹೊಗಳಿಕೆ ಏಕೆ. ಪಟಾಲಂನಲ್ಲಿ, ಅಂದರೆ ಸೈನ್ಯದಲ್ಲಿ, ಇದ್ದವನೊಬ್ಬ ರಾಜ್ಯವಾಳುವ ಮಟ್ಟಕ್ಕೆ ಬಂದದ್ದು ಹೇಗೆ? ಓದಿಕೊಂಡವರು ದಯವಿಟ್ಟು ಬರೆಯಿರಿ.

ಸಂಜೆವಾಕಿಂಗ್
ಮೊದಲು ಒಂದು ವಿಷಯ. ಪಾರ್ಕ್ ಮಾಡಿಸಿದ್ದು ಕಬ್ಬನ್ ಅಲ್ಲ. ಪಾರ್ಕ್ ಆದದ್ದು 1870ರಲ್ಲಿ, ಆತ ತೀರಿಕೊಂಡದ್ದು 1861ರಲ್ಲಿ. ರೂಪಿಸಿದವರು ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಸ್ಯಾಂಕಿ ಕೆರೆಯ ಅದೇ ಸ್ಯಾಂಕಿ.

ಪೇಟೆಬೀದಿ
ಮೊದಲು ಅದರ ಹೆಸರು ಮೀಡ್ಸ್ ಪಾರ್ಕ್ ಅಂತ ಇತ್ತು. ಕಬ್ಬನ್ ಹೆಸರು ಆಮೇಲೆ ಬಂತು. 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಮಾಡಿದರು. ಕಾಗದದಲ್ಲಿ ಈಗಲೂ ಅದೇ. ಜನ ಬಿಡಲಿಲ್ಲ, ಕಬ್ಬನ್ ಪಾರ್ಕೇ ಉಳಿಯಿತು.

ಮೇಷ್ಟ್ರು_ತುಮಕೂರು
ಪಟಾಲಂನಿಂದ ಗಾದಿಯವರೆಗೆ ಹೇಗೆ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಕಬ್ಬನ್ ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ಅನ್ನುವ ಪುಟ್ಟ ದ್ವೀಪದಲ್ಲಿ. ಅಪ್ಪ ಮಾಗೋಲ್ಡ್ ಅನ್ನುವ ಊರಿನ ಚರ್ಚಿನ ಪಾದ್ರಿ. ಹುಟ್ಟಿನಿಂದ ಬಂದ ದೊಡ್ಡ ಮನೆತನ, ಪದವಿ ಯಾವುದೂ ಇರಲಿಲ್ಲ. ಆದರೆ ಸೋದರಮಾವ ಬಲವಾಗಿದ್ದ. ಆತ ಮಾರ್ಕ್ ವಿಲ್ಕ್ಸ್. ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ಪ್ರತಿನಿಧಿ, ಆಗಿದ್ದವನು, ಮೈಸೂರಿನ ಚರಿತ್ರೆ ಬರೆದವನು. ಅಳಿಯನಿಗೆ ಹೆಸರೂ ಮಾವನದೇ. 1800ರಲ್ಲಿ ಹುಡುಗ ಮದ್ರಾಸ್ ಸೈನ್ಯಕ್ಕೆ ಕೆಡೆಟ್ ಆಗಿ ಬಂದ.

ಆತನ ಹೆಸರು ಕತ್ತಿ ಹಿಡಿದು ಆದದ್ದಲ್ಲ. ಕಮಿಸರಿಯಟ್‌ನಲ್ಲಿ ಆದದ್ದು. ಸೈನ್ಯಕ್ಕೆ ಅಕ್ಕಿ, ಹುಲ್ಲು, ಎತ್ತು, ಗಾಡಿ ಒದಗಿಸುವ ಇಲಾಖೆ ಅದು. ಯಾವ ಊರಲ್ಲಿ ಎಷ್ಟು ಧಾನ್ಯ ಸಿಗುತ್ತದೆ, ಯಾವ ದಾರಿಯಲ್ಲಿ ಮಳೆಗಾಲದಲ್ಲಿ ಗಾಡಿ ಹೋಗುವುದಿಲ್ಲ, ಯಾವ ಸಾಹುಕಾರ ಹೇಳಿದ ದಿನಕ್ಕೆ ಮಾಲು ಕೊಡುತ್ತಾನೆ, ಇದೆಲ್ಲ ಬೆರಳ ತುದಿಯಲ್ಲಿರಬೇಕು. ಮುಂದೆ ರಾಜ್ಯದ ಲೆಕ್ಕ ನೋಡುವಾಗ ಉಪಯೋಗಕ್ಕೆ ಬಂದದ್ದು ಈ ಪಳಗಿದ ಕೈ ಅನ್ನುವುದು ನನ್ನ ಅಭಿಪ್ರಾಯ.

'ಸರ್' ಅನ್ನುವ ಬಿರುದು ಬಂದದ್ದು 1856ರಲ್ಲಿ. ಆಗ ವಯಸ್ಸು 80 ದಾಟಿತ್ತು, ಕಮಿಷನರ್ ಆಗಿ 22 ವರ್ಷ ಕಳೆದಿತ್ತು. ಆಳ್ವಿಕೆಯ ಬಹುಭಾಗ ಆತ ಬರೀ ಕರ್ನಲ್ ಸಾಹೇಬ, ಜನರಲ್ ಸಾಹೇಬ.

ಬೆಳ್ಳಂದೂರಾಚೆ
ವಿಲ್ಕ್ಸ್ ಅಂದರೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದವನಾ? ನೆಪೋಲಿಯನ್‌ನನ್ನು ಅಲ್ಲಿಗೆ ತಂದಾಗ?

ಮೇಷ್ಟ್ರು_ತುಮಕೂರು
ಹೌದು, ಅವನೇ. 1815ರಲ್ಲಿ ನೆಪೋಲಿಯನ್ ಬಂದಿಳಿದಾಗ ವಿಲ್ಕ್ಸ್ ಅಲ್ಲಿ ಗವರ್ನರ್. ಮರುವರ್ಷ ಬೇರೆಯವರು ಬಂದರು.

ಬೆಳ್ಳಂದೂರಾಚೆ
ಒಬ್ಬನೇ ಮನುಷ್ಯ ಮೊದಲು ದಿವಾನ್ ಪೂರ್ಣಯ್ಯನವರ ಜೊತೆ ಕೆಲಸ ಮಾಡಿ, ಆಮೇಲೆ ನೆಪೋಲಿಯನ್‌ನನ್ನೂ ಕಂಡ! ಇದರ ಮೇಲೆ ಬೇರೆ ಚರ್ಚೆಯೇ ಶುರು ಮಾಡಬೇಕು.

ಹಳೇಬೇರು
ಮಾಡೋಣ, ಈಗ ಕಬ್ಬನ್ ಕಡೆ ಬನ್ನಿ :)

ಬಿದನೂರು_ಕೋಟೆ
ಎಲ್ಲರೂ ಮಧ್ಯದಿಂದ ಶುರು ಮಾಡುತ್ತಿದ್ದೀರಿ. ನಗರದ (ನಗರ ಅಂದರೆ ಮಲೆನಾಡಿನ ನಮ್ಮ ಬಿದನೂರು) ದಂಗೆ ಆಗದೇ ಇದ್ದಿದ್ದರೆ ಕಬ್ಬನ್ ಯಾರು ಅಂತಲೇ ನಮಗೆ ಗೊತ್ತಿರುತ್ತಿರಲಿಲ್ಲ. ನಮ್ಮ ಕಡೆಯ ಕಥೆ, ಅದಕ್ಕೇ ಬರೆಯುತ್ತಿದ್ದೇನೆ.

1830ರಲ್ಲಿ ಮಲೆನಾಡಿನ ರೈತರು ಕೂಟ ಸೇರಿದರು. ಕಂದಾಯ ಕಟ್ಟುವುದಿಲ್ಲ ಅಂತ ಹಳ್ಳಿ ಹಳ್ಳಿ ಸುದ್ದಿ ಹೋಯಿತು. ಅಮಲ್ದಾರರು, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಗಳು, ಇಷ್ಟು ಹಣ ಎತ್ತಿಕೊಡುತ್ತೇವೆ ಅಂತ ಷರತ್ತು ಬರೆದುಕೊಟ್ಟು ಬರುತ್ತಿದ್ದರು. ಬರೆದುಕೊಟ್ಟದ್ದನ್ನು ತುಂಬಿಸಲು ರೈತನ ಕುತ್ತಿಗೆಗೆ ಕೂರುತ್ತಿದ್ದರು. ಷರ್ತಿ ಪದ್ಧತಿ ಅಂದರೆ ಇದೇ. ನಗರದ ಅರಸರ ವಾರಸುದಾರ ನಾನೇ ಅಂತ ಬೂದಿ ಬಸವಪ್ಪ ಎದ್ದು ನಿಂತ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಕೈಜೋಡಿಸಿದ. 1831ರ ಜೂನ್‌ನಲ್ಲಿ ಕಂಪನಿಯ ಸೈನ್ಯ ನಗರದ ಕೋಟೆ ಹಿಡಿಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯವನ್ನೇ ಕೈಗೆ ತೆಗೆದುಕೊಂಡ.

ದಂಗೆ ಏಕಾಯಿತು ಅಂತ ವಿಚಾರಿಸಲು ನಾಲ್ಕು ಜನರ ಸಮಿತಿ ಮಾಡಿದರು. ಹಾಕರ್, ಮಾರಿಸನ್, ಮ್ಯಾಕ್‌ಲಿಯಾಡ್, ನಾಲ್ಕನೆಯವನೇ ಕಬ್ಬನ್. ವರದಿ 1833ರ ಡಿಸೆಂಬರ್‌ನಲ್ಲಿ ಹೋಯಿತು. ಮರುವರ್ಷ ಕಬ್ಬನ್ ಕಮಿಷನರ್. ರೈತರು ಬೀದಿಗೆ ಇಳಿದದ್ದಕ್ಕೆ ಆ ಕುರ್ಚಿ ಹುಟ್ಟಿತು, ಅದನ್ನು ಮರೆಯಬೇಡಿ.

ಅರಮನೆ_ಚಾಮುಂಡಿ
ಬಿದನೂರಿನವರೇ, ಒಪ್ಪಿದೆ. ಆದರೆ ಅದೇ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು. ಮಹಾರಾಜರ ಮೇಲೆ ಬಂದ ದೂರುಗಳಲ್ಲಿ ಎಷ್ಟೋ ಉತ್ಪ್ರೇಕ್ಷೆ ಅಂತ. ಬೆಂಟಿಂಕ್‌ಗೇ ಆಮೇಲೆ ಸಮಾಧಾನ ಇರಲಿಲ್ಲ. ರಾಜ್ಯದ ದೊಡ್ಡ ಭಾಗವನ್ನು ಮಹಾರಾಜರಿಗೆ ಹಿಂತಿರುಗಿಸೋಣ ಅಂದ. ಲಂಡನ್‌ನಲ್ಲಿ ಕೂತ ಕಂಪನಿಯ ಧಣಿಗಳು ಒಪ್ಪಲಿಲ್ಲ.

ಇನ್ನೊಂದು ಲೆಕ್ಕವನ್ನೂ ಇಡೋಣ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕಿತ್ತು. ಆ ಹಣ ಬರುತ್ತಿದ್ದದ್ದು ರೈತರಿಂದಲೇ. ಖಜಾನೆ ಬರಿದಾದದ್ದು ಅರಮನೆಯ ದುಂದಿನಿಂದ ಮಾತ್ರ ಅನ್ನುವುದು ಅರ್ಧ ಕಥೆ. ದುಂದು ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ.

ಬಿದನೂರು_ಕೋಟೆ
7 ಲಕ್ಷ ವರಹ ಪೂರ್ಣಯ್ಯನವರ ಕಾಲದಲ್ಲೂ ಕಟ್ಟಿದ್ದರಲ್ಲ. ಆಗ ದಂಗೆ ಆಗಲಿಲ್ಲ ಏಕೆ?

ಅರಮನೆ_ಚಾಮುಂಡಿ
ಪೂರ್ಣಯ್ಯನವರ ಕಾಲದಲ್ಲಿ ಸೈನ್ಯಗಳ ಓಡಾಟದಿಂದ ಧಾನ್ಯಕ್ಕೆ ಒಳ್ಳೆ ಬೆಲೆ ಇತ್ತು. ಆಮೇಲೆ ಬೆಲೆ ಬಿತ್ತು, ಕಂದಾಯ ಇಳಿಯಲಿಲ್ಲ. 1831ರಲ್ಲಿ ಯಾರು ಗಾದಿ ಮೇಲಿದ್ದರೂ ಕಷ್ಟವೇ ಇತ್ತು.

ಲೆಕ್ಕದ_ಶಾನುಭೋಗ
ಸರಿ, ಈಗ ಕಬ್ಬನ್ ಬಂದು ಮಾಡಿದ್ದೇನು ಅನ್ನುವುದಕ್ಕೆ ಬರೋಣ. ನನಗೆ ರಸ್ತೆಗಿಂತ ದೊಡ್ಡದಾಗಿ ಕಾಣುವುದು ಬೇರೆ. ಕಂದಾಯದ ಮೇಲೆ ಹೇರಿದ್ದ ಚಿಲ್ಲರೆ ಪಟ್ಟಿಗಳನ್ನು ತೆಗೆದು ಹಾಕಿದ್ದು. ಒಟ್ಟು 769 ಬಾಬತ್ತು!

ಎಂಥೆಂಥವು ಅಂತ ನೋಡಿ. ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಅದಕ್ಕೆ ಹೆಸರಿಟ್ಟರೆ ಇನ್ನೊಂದು. ಕೂದಲು ತೆಗೆಸಿದರೆ ಮತ್ತೊಂದು. ಒಂದು ಹಳ್ಳಿಯವರು ಯಾವುದೋ ಕಾಲದ ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲ ಅಂತ ತಲೆತಲಾಂತರದಿಂದ ದಂಡ ಕಟ್ಟುತ್ತಿದ್ದರು. ನಗರದ ಕಡೆ ಒಂದು ಜಾಗ ಇತ್ತಂತೆ, ಅಲ್ಲಿ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದಿದ್ದರೆ ಅದಕ್ಕೂ ತೆರಿಗೆ. ಇವೆಲ್ಲ ಸರ್ಕಾರದ ದಾಖಲೆಗಳಲ್ಲೇ ಬಂದಿವೆ.

ಬಡವನ ಮಟ್ಟಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಂತ ಯೋಚಿಸಿ. ದೊಡ್ಡ ಕಂದಾಯ ವರ್ಷಕ್ಕೊಮ್ಮೆ ಬರುತ್ತದೆ. ಈ ಚಿಲ್ಲರೆ ಪಟ್ಟಿ ಅನ್ನುವುದು ಪ್ರತಿ ತಿಂಗಳು ಯಾರೋ ಒಬ್ಬ ಬಾಗಿಲಿಗೆ ಬಂದು ಕೂರುವ ನೆಪ.

ಬಿದನೂರು_ಕೋಟೆ
ಕೈ ಬೀಸಿಕೊಂಡು ನಡೆದರೆ ತೆರಿಗೆ! ನಮ್ಮವರು ಕೂಟ ಕಟ್ಟಿದ್ದರಲ್ಲಿ ಏನು ತಪ್ಪು ಹೇಳಿ.

ಗೀತಾ_ಶಿರಸಿ
ಶಾನುಭೋಗರೇ, ಇದು ಕಬ್ಬನ್ ಒಬ್ಬರೇ ಕೂತು ಮಾಡಿದ್ದಲ್ಲ ಅನ್ನುವುದನ್ನೂ ಸೇರಿಸಿ. ಆತ ಇದ್ದ ವ್ಯವಸ್ಥೆಯನ್ನು ಕಿತ್ತು ಹಾಕಲಿಲ್ಲ. ಪೂರ್ಣಯ್ಯನವರ ಕಾಲದ ಚೌಕಟ್ಟನ್ನೇ ಇಟ್ಟುಕೊಂಡರು. ಅಮಲ್ದಾರ, ಶೇಕ್ದಾರ, ಪಟೇಲ, ಶಾನುಭೋಗ ಎಲ್ಲ ಹಾಗೇ. ಮೇಲೆ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗ, ಒಂದೊಂದಕ್ಕೆ ಒಬ್ಬ ಇಂಗ್ಲಿಷ್ ಸೂಪರಿಂಟೆಂಡೆಂಟ್. ಕಚೇರಿಯ ಕಾಗದ ಪತ್ರ ಕನ್ನಡ ಮತ್ತು ಮರಾಠಿಯಲ್ಲಿ. ಅಂದರೆ ಇಡೀ ಯಂತ್ರ ಓಡಿಸಿದವರು ನಮ್ಮ ಶಿರಸ್ತೇದಾರರು, ಗುಮಾಸ್ತರು. ಅವರ ಹೆಸರಿನಲ್ಲಿ ಒಂದು ರಸ್ತೆಯೂ ಇಲ್ಲ. ನನಗೆ ಸಂಕಟ ಆಗುವುದು ಇದಕ್ಕೇ.

ಪೇಟೆಬೀದಿ
ಗೀತಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಅಷ್ಟೂ ಕಚೇರಿ ಎಲ್ಲಿತ್ತು ಗೊತ್ತಾ? ಕೋಟೆ ಒಳಗಿನ ಟಿಪ್ಪು ಅರಮನೆಯಲ್ಲಿ. ಆ ಮರದ ಕಂಬಗಳ ನಡುವೆ. 1868ರಲ್ಲಿ ಅಠಾರಾ ಕಚೇರಿ (ಇವತ್ತಿನ ಹೈಕೋರ್ಟ್) ಕಟ್ಟಡ ಎದ್ದ ಮೇಲೆ ಅಲ್ಲಿಗೆ ಹೋದರು. ಈಗ ಟಿಕೆಟ್ ತಗೊಂಡು ಒಳಗೆ ಹೋಗುವವರು ಕಂಬದ ಫೋಟೋ ತೆಗೆದು ಬರುತ್ತಾರೆ. ಮೇಲಿನ ಜಗಲಿಯಲ್ಲಿ ನಿಂತಾಗ ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಇಡೀ ಸಂಸ್ಥಾನದ ಕಡತ ಓಡಾಡಿದವು ಅನ್ನುವುದನ್ನು ನೆನೆಸಿಕೊಳ್ಳಿ.

ಸಂಜೆವಾಕಿಂಗ್
ಆತ ಇರುತ್ತಿದ್ದದ್ದು ಮಾತ್ರ ಹೈಗ್ರೌಂಡ್ಸ್‌ನಲ್ಲಿ. ಇವತ್ತಿನ ರಾಜಭವನ ಆತ 1840ರ ದಶಕದಲ್ಲಿ ಕಟ್ಟಿಸಿಕೊಂಡ ಮನೆ. ಬೇಸಿಗೆಗೆ ನಂದಿಬೆಟ್ಟದ ಮೇಲಿನ ಬಂಗಲೆ. ಮದುವೆ ಆಗಲಿಲ್ಲ. ಅರಬ್ಬಿ ಕುದುರೆ ಅಂದರೆ ಜೀವ, ಲಾಯದ ತುಂಬ ಅವೇ. 1800ರಲ್ಲಿ ಬಂದ ಮನುಷ್ಯ ಇಡೀ ಬದುಕನ್ನು ಇಲ್ಲೇ ಕಳೆದ.

ಕಾಫಿತೋಟ_ಮೂಡಿಗೆರೆ
ರಸ್ತೆ ವಿಷಯ ಸಣ್ಣದು ಅನ್ನಬೇಡಿ ಶಾನುಭೋಗರೇ. ಘಟ್ಟದವರಿಗೆ ಗೊತ್ತು ಅದರ ಬೆಲೆ. ಆತನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು, ಸೇತುವೆ 300ಕ್ಕೂ ಜಾಸ್ತಿ. ಅದಕ್ಕೆ ಮುಂಚೆ ಘಟ್ಟದಲ್ಲಿ ಸಾಮಾನು ಹೋಗುತ್ತಿದ್ದದ್ದು ಹೇರೆತ್ತಿನ ಬೆನ್ನ ಮೇಲೆ. ಗಾಡಿ ದಾರಿ ಬಂದ ಮೇಲೆ ಕಾಫಿ ಚೀಲ ಕರಾವಳಿಗೆ ಇಳಿಯುವ ಲೆಕ್ಕವೇ ಬದಲಾಯಿತು.

ಕಾಫಿಗೆ ಮೊದಲು ಸರ್ಕಾರ ಬೆಳೆಯಲ್ಲೇ ಪಾಲು ಕೇಳುತ್ತಿತ್ತು. ಆಮೇಲೆ ಹಾಲತ್ ಅಂತ ಮಣಕ್ಕೆ ಇಷ್ಟು ಸುಂಕ ಮಾಡಿದರು. ಅದನ್ನೂ ಇಳಿಸುತ್ತಾ ಬಂದು ಮಣಕ್ಕೆ ನಾಲ್ಕಾಣೆಗೆ ನಿಲ್ಲಿಸಿದರು. ತೋಟ ಮಾಡಿದರೆ ಕೈಗೆ ಏನಾದರೂ ಉಳಿಯುತ್ತದೆ ಅನ್ನುವ ಧೈರ್ಯ ಬಂದದ್ದು ಆಗ. ಬಾಬಾಬುಡನ್‌ಗಿರಿಯಲ್ಲಿ ಕಾಫಿ ಮೊದಲಿಂದ ಇತ್ತು, ಅದು ವ್ಯಾಪಾರದ ಬೆಳೆ ಆಗಿ ಹಬ್ಬಿದ್ದು ಈ ಕಾಲದಲ್ಲಿ.

ಮಡಿಕೇರಿ_ಮಂಜು
ಇಷ್ಟೊತ್ತು ಓದಿದೆ. ಒಬ್ಬರೂ ಕೊಡಗಿನ ಮಾತೆತ್ತಲಿಲ್ಲ.

1834ರಲ್ಲೇ ಕಂಪನಿ ಕೊಡಗನ್ನು ನುಂಗಿತು. ಚಿಕ್ಕವೀರರಾಜನನ್ನು ಇಳಿಸಿ ಹೊರಗೆ ಕಳಿಸಿದರು. ಕೊಡಗಿನ ಮೇಲಧಿಕಾರವೂ ಮೈಸೂರು ಕಮಿಷನರ್‌ಗೇ, ಅಂದರೆ ಕಬ್ಬನ್‌ಗೇ. 1837ರಲ್ಲಿ ಸುಳ್ಯದ ಕಡೆಯಿಂದ ರೈತರು ಎದ್ದರು. ಕಂದಾಯವನ್ನು ಧಾನ್ಯದ ಬದಲು ನಗದಿನಲ್ಲೇ ಕಟ್ಟಿ ಅಂದದ್ದು, ತಂಬಾಕು ಮತ್ತು ಉಪ್ಪಿನ ಏಕಸ್ವಾಮ್ಯ, ಇವು ಕಾರಣ. ಮಂಗಳೂರಿನವರೆಗೆ ಹೋಗಿ ಕಚೇರಿಗಳಿಗೆ ಬೆಂಕಿ ಇಟ್ಟು ಬಂದರು. ಆಮೇಲೆ ಏನಾಯಿತು? ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ, ಕೋಟೆಯ ಹತ್ತಿರ, ಮನೆಯವರ ಕಣ್ಣೆದುರೇ ಗಲ್ಲಿಗೇರಿಸಿದರು. ಮಂಗಳೂರಿನಲ್ಲಿ ಇನ್ನೊಬ್ಬ ಮುಂದಾಳು ಕಲ್ಯಾಣಸ್ವಾಮಿಯನ್ನು ನೇಣಿಗೆ ಹಾಕಿದರು. ಎಷ್ಟೋ ಜನರನ್ನು ಸಮುದ್ರದಾಚೆ ಗಡೀಪಾರು ಮಾಡಿದರು.

ಒಂದು ಕಡೆ ರೈತರ ದಂಗೆಯ ಕಾರಣ ಹುಡುಕಿ ವರದಿ ಬರೆದ ಮನುಷ್ಯ. ಇನ್ನೊಂದು ಕಡೆ ಅದೇ ಆಡಳಿತದ ಅಡಿಯಲ್ಲಿ ರೈತರಿಗೆ ನೇಣು. ರಸ್ತೆ ಲೆಕ್ಕ ಹಾಕುವಾಗ ಇದನ್ನೂ ಹಾಕಿ.

ಹಳೇಬೇರು
ಮಂಜು ಅವರೇ, ಧನ್ಯವಾದ. ಇದು ಬರಲೇಬೇಕಿತ್ತು.

ಮೇಷ್ಟ್ರು_ತುಮಕೂರು
ಕೊಡಗಿನ ಸ್ಥಳದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನು ಕ್ಯಾಪ್ಟನ್ ಲೆ ಹಾರ್ಡಿ. ದಿನನಿತ್ಯದ ಕೆಲಸ ಅವನದು. ಮಂಗಳೂರು, ಸುಳ್ಯ ಎಲ್ಲ ಮದ್ರಾಸಿನ ಕೆನರಾ ಜಿಲ್ಲೆಗೆ ಸೇರಿದ್ದವು, ಕಬ್ಬನ್ ಅಧಿಕಾರಕ್ಕೆ ಬರುತ್ತಿರಲಿಲ್ಲ.

ಮಡಿಕೇರಿ_ಮಂಜು
ಮೇಷ್ಟ್ರೇ, ಮಡಿಕೇರಿ ಬರುತ್ತಿತ್ತಲ್ಲ. ನೇಣು ಹಾಕಿದ್ದು ಅಲ್ಲೇ. ಒಳ್ಳೆಯದಾದರೆ ಕಬ್ಬನ್ ಮಾಡಿದ್ದು, ಕೆಟ್ಟದ್ದಾದರೆ ಕೆಳಗಿನವನು ಮಾಡಿದ್ದು ಅನ್ನುವುದು ನ್ಯಾಯ ಅಲ್ಲ.

ಗೀತಾ_ಶಿರಸಿ
ಮಂಜು ಅಣ್ಣ ಹೇಳಿದ್ದು ಸರಿ. ಕೆಲಸ ಮಾಡಿದ ಗುಮಾಸ್ತನಿಗೆ ಹೆಸರಿಲ್ಲ, ಮೇಲಿನವನಿಗೆ ಹೆಸರು. ಹಾಗಾದರೆ ಹೊಣೆಯೂ ಮೇಲಿನವನಿಗೇ ಇರಬೇಕು.

ಮೇಷ್ಟ್ರು_ತುಮಕೂರು
ಹೊಣೆ ಇಲ್ಲ ಅಂತ ನಾನು ಹೇಳಲಿಲ್ಲ. ಯಾವ ಊರು ಯಾರ ಕೈಯಲ್ಲಿತ್ತು ಅಂತ ಬಿಡಿಸಿ ಹೇಳಿದೆ. ಮಡಿಕೇರಿಯ ನೇಣಿನ ಹೊಣೆ ಆತನ ಆಡಳಿತದ್ದೇ.

ಹೊಸಪೇಟೆ_ಹುಡುಗ
ಹೈಕೋರ್ಟ್ ಮುಂದೆ ಕುದುರೆ ಮೇಲೆ ಕೂತಿದ್ದ ವಿಗ್ರಹ ಇವರದೇನಾ? ಈಚೆಗೆ ಕಾಣಲಿಲ್ಲ.

ಸಂಜೆವಾಕಿಂಗ್
ಇವರದೇ. 2020ರಲ್ಲಿ ಅಲ್ಲಿಂದ ತೆಗೆದು ಪಾರ್ಕಿನ ಒಳಗೆ ಇಟ್ಟರು. ಬ್ಯಾಂಡ್‌ಸ್ಟ್ಯಾಂಡ್ ಕಡೆ ಹೋಗಿ ನೋಡಿ. ಮಾಡಿದವನು ಬ್ಯಾರನ್ ಮರೊಚೆಟ್ಟಿ, ಆ ಕಾಲದಲ್ಲಿ ಲಂಡನ್‌ನಲ್ಲಿ ಬಹಳ ಹೆಸರಿದ್ದ ಶಿಲ್ಪಿ. 1866ರಲ್ಲಿ ಮೊದಲು ನಿಲ್ಲಿಸಿದ್ದು ಪೆರೇಡ್ ಮೈದಾನದಲ್ಲಿ.

ಅರಮನೆ_ಚಾಮುಂಡಿ
ತೆಗೆದದ್ದು ಒಳ್ಳೆಯದೇ ಆಯಿತು. ನ್ಯಾಯಾಲಯದ ಎದುರು ಒಬ್ಬ ಕಂಪನಿ ಅಧಿಕಾರಿ ಕುದುರೆ ಮೇಲೆ ಕೂತಿರುವುದು ನನಗೆ ಯಾವತ್ತೂ ಸರಿ ಕಾಣಲಿಲ್ಲ.

ಕಾಫಿತೋಟ_ಮೂಡಿಗೆರೆ
ಒಡೆದು ಹಾಕಲಿಲ್ಲವಲ್ಲ, ಅದು ಮುಖ್ಯ. ಪಾರ್ಕಿನಲ್ಲಿ ಇದ್ದರೆ ಮಕ್ಕಳು ಯಾರು ಅಂತ ಕೇಳುತ್ತಾರೆ. ಪಕ್ಕದಲ್ಲಿ ಒಂದು ಫಲಕದಲ್ಲಿ ನಗರ, ಕೊಡಗು, 769 ಬಾಬತ್ತು ಎಲ್ಲ ಬರೆದು ಹಾಕಬೇಕು ಅಷ್ಟೇ.

ಮಡಿಕೇರಿ_ಮಂಜು
ಅಪ್ಪಯ್ಯ ಗೌಡರ ಹೆಸರೂ ಬರೆದರೆ ನನ್ನ ಅಡ್ಡಿ ಇಲ್ಲ.

ಪೇಟೆಬೀದಿ
ಕಬ್ಬನ್‌ಪೇಟೆಯಲ್ಲಿ ನೇಕಾರರ ಮನೆಗಳು ಈಗಲೂ ಇವೆ. ಅವಿನ್ಯೂ ರೋಡಿನ ಗದ್ದಲದಿಂದ ಎರಡು ತಿರುವು ಒಳಗೆ ಹೋದರೆ ಗಲ್ಲಿಯಲ್ಲಿ ಮಗ್ಗದ ಸದ್ದು ಕೇಳುತ್ತದೆ. ಬಾಗಿಲಾಚೆ ಮಂಚದಷ್ಟು ಜಾಗದಲ್ಲಿ ಮಗ್ಗ, ಗೋಡೆಗೆ ನೇತುಹಾಕಿದ ರೇಷ್ಮೆ ಲಡಿ, ಮೂಲೆಯಲ್ಲಿ ಅಜ್ಜಿ ಕಂಡಿಕೆ ಸುತ್ತುತ್ತಿರುತ್ತಾರೆ. ವಿಷಯದಿಂದ ಆಚೆ ಹೋದೆ, ಆದರೆ ಆ ಹೆಸರು ಉಳಿದ ಜಾಗಗಳಲ್ಲಿ ನನಗೆ ಪಾರ್ಕಿಗಿಂತ ಇದು ಇಷ್ಟ.

ಹೊಸಪೇಟೆ_ಹುಡುಗ
ಮಗ್ಗಗಳು ಕಮ್ಮಿ ಆಗುತ್ತಿವೆ ಅಂತ ಕೇಳಿದ್ದೆ. ಒಂದು ದಿನ ಬರಬೇಕು.

ಅರಮನೆ_ಚಾಮುಂಡಿ
ವಿಷಯಕ್ಕೆ ಬರೋಣ. ಮಹಾರಾಜರಿಗೆ ಅಧಿಕಾರ ಹಿಂತಿರುಗಿಸುವ ಪ್ರಶ್ನೆ ಬಂದಾಗಲೆಲ್ಲ ಕಬ್ಬನ್ ಬೇಡ ಅಂತಲೇ ಬರೆದರು. ಮುಮ್ಮಡಿಯವರು ಅರ್ಜಿ ಮೇಲೆ ಅರ್ಜಿ ಹಾಕಿದರು. ಅವರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ಉಳಿದ ಆದಾಯದ ಐದನೇ ಒಂದು ಪಾಲು. ಅದರಲ್ಲೇ ಪಂಡಿತರನ್ನು, ಸಂಗೀತಗಾರರನ್ನು, ಚಿತ್ರಕಾರರನ್ನು ಸಾಕಿದರು. 1857ರಲ್ಲಿ ಉತ್ತರ ಹೊತ್ತಿ ಉರಿಯುವಾಗ ಮೈಸೂರು ಶಾಂತವಾಗಿತ್ತು. ಅದರಲ್ಲಿ ಮಹಾರಾಜರ ಪಾಲು ದೊಡ್ಡದು ಅಂತ ಬ್ರಿಟಿಷರೇ ಒಪ್ಪಿದರು. ಆದರೂ ಬದುಕಿರುವಾಗ ರಾಜ್ಯ ವಾಪಸ್ ಸಿಗಲಿಲ್ಲ. 1868ರಲ್ಲಿ ತೀರಿಕೊಂಡರು. 1881ರಲ್ಲಿ ದತ್ತುಮಗ ಚಾಮರಾಜೇಂದ್ರರಿಗೆ ಸಿಕ್ಕಿತು. ಕಬ್ಬನ್ ಒಮ್ಮೆ ಪರವಾಗಿ ಬರೆದಿದ್ದರೆ ಏನಾಗುತ್ತಿತ್ತೋ. ಇದೇ ನನ್ನ ದೂರು.

ಲೆಕ್ಕದ_ಶಾನುಭೋಗ
ನಿಮ್ಮ ದೂರು ನ್ಯಾಯವಾದದ್ದೇ. ಆದರೆ ಕೊನೆಯಲ್ಲಿ ಇಬ್ಬರೂ ಒಂದೇ ಕಡೆ ನಿಂತರು ಅನ್ನುವುದನ್ನು ಬಿಡಬೇಡಿ. 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೈಕೆಳಗೆ ಹಾಕುವ ಆಲೋಚನೆ ಬಂತು. ಮಹಾರಾಜರು ಬಲವಾಗಿ ವಿರೋಧಿಸಿದರು. ಕಬ್ಬನ್ ರಾಜೀನಾಮೆಗೆ ನಿಂತರು. ಮದ್ರಾಸಿಗೆ ಸೇರಿದ್ದರೆ ಮುಂದೆ 1881ರಲ್ಲಿ ಹಿಂತಿರುಗಿಸಲು ಪ್ರತ್ಯೇಕ ಮೈಸೂರು ಅನ್ನುವುದೇ ಉಳಿಯುತ್ತಿತ್ತೋ ಇಲ್ಲವೋ.

ಅರಮನೆ_ಚಾಮುಂಡಿ
ಅದನ್ನು ಒಪ್ಪುತ್ತೇನೆ. ಆ ವಿಷಯದಲ್ಲಿ ಆತ ನೆಟ್ಟಗೆ ನಿಂತರು.

ಸಂಜೆವಾಕಿಂಗ್
1861ರ ಆರಂಭದಲ್ಲಿ ಕೆಲಸ ಬಿಟ್ಟು, ಊರಿಗೆ ಹೊರಟರು. 85 ವರ್ಷ. ಊರು ಮುಟ್ಟಲಿಲ್ಲ. ಏಪ್ರಿಲ್ 23ರಂದು ಸೂಯೆಜ್‌ನಲ್ಲಿ ತೀರಿಕೊಂಡರು. ದೇಹವನ್ನು ಮಾಗೋಲ್ಡ್‌ಗೆ ಒಯ್ದು ಮಣ್ಣು ಮಾಡಿದರು.

ಬೆಳ್ಳಂದೂರಾಚೆ
ರೈಲು ನೋಡಲೇ ಇಲ್ಲ ಹಾಗಾದರೆ? ಬೆಂಗಳೂರಿಗೆ ರೈಲು ತಂದದ್ದೂ ಕಬ್ಬನ್ ಅಂತ ಎಲ್ಲೋ ಓದಿದ್ದೆ.

ಕಾಫಿತೋಟ_ಮೂಡಿಗೆರೆ
ಜೋಲಾರಪೇಟೆಯಿಂದ ಬೆಂಗಳೂರಿನ ಹಳಿಯ ಕೆಲಸ ಆತನ ಕಾಲದಲ್ಲಿ ಶುರುವಾಯಿತು. ಕಂಟೋನ್ಮೆಂಟಿಗೆ ರೈಲು ಬಂದದ್ದು 1864ರಲ್ಲಿ. ಆತ ಕಂಡದ್ದು ತಂತಿ (ಟೆಲಿಗ್ರಾಫ್) ಮಾತ್ರ, 1853-54ರ ಹೊತ್ತಿಗೆ ಬಂತು.

ಗೀತಾ_ಶಿರಸಿ
ಶಾಲೆಗಳ ಮಾತು ಯಾರೂ ಎತ್ತಲಿಲ್ಲ. ಅಲ್ಲಿ ಆತ ಹಿಂದೆ ಬಿದ್ದರು ಅಂತ ನನಗೆ ಅನ್ನಿಸುತ್ತದೆ. ಕಮಿಷನರ್ ಆಗಿ 24 ವರ್ಷ ಆದ ಮೇಲೆ, 1858ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲ್ ಬಂತು. ಅದೇ ಮುಂದೆ ಸೆಂಟ್ರಲ್ ಕಾಲೇಜ್. ಅದಕ್ಕೆ ಮುಂಚೆ ಕಲಿಸುವ ಕೆಲಸ ಮಾಡಿದ್ದು ಹೆಚ್ಚಾಗಿ ಮಿಷನರಿಗಳು ಮತ್ತು ಮೈಸೂರಿನಲ್ಲಿ ಮಹಾರಾಜರ ಶಾಲೆ. ಎತ್ತಿನ ಗಾಡಿಗೆ ದಾರಿ ಮಾಡಿದಷ್ಟು ಆಸಕ್ತಿ ಹುಡುಗರ ಓದಿಗೆ ತೋರಿಸಿದ್ದರೆ ಒಂದು ತಲೆಮಾರು ಮುಂಚೆಯೇ ನಮ್ಮವರು ದೊಡ್ಡ ಹುದ್ದೆಗಳಿಗೆ ಬರುತ್ತಿದ್ದರು.

ಲೆಕ್ಕದ_ಶಾನುಭೋಗ
ಇದಕ್ಕೆ ನನ್ನ ಬಳಿ ಉತ್ತರ ಇಲ್ಲ ಮೇಡಂ. ನಿಜ.

ಹಳೇಬೇರು
ಎಲ್ಲರಿಗೂ ಧನ್ಯವಾದ. ಇಷ್ಟನ್ನೂ ಪ್ರಿಂಟ್ ತೆಗೆದು ಅಪ್ಪನಿಗೂ ಚಿಕ್ಕಪ್ಪನಿಗೂ ಕೊಡುತ್ತೇನೆ. ಒಂದೇ ಪ್ರಶ್ನೆ ಉಳಿಯಿತು. ಆತ ಹೋದ ಮೇಲೆ ಆ ನಾಲ್ಕು ವಿಭಾಗ, ಹಳೇ ಪದ್ಧತಿ ಎಲ್ಲ ಎಷ್ಟು ದಿನ ನಡೆಯಿತು?

ಮೇಷ್ಟ್ರು_ತುಮಕೂರು
ಬಹಳ ದಿನ ಇಲ್ಲ. 1862ರಲ್ಲಿ ಬೌರಿಂಗ್ ಕಮಿಷನರ್ ಆಗಿ ಬಂದರು. ಬೌರಿಂಗ್ ಆಸ್ಪತ್ರೆಯ ಬೌರಿಂಗ್. ನಾಲ್ಕು ವಿಭಾಗ ಹೋಗಿ ನಂದಿದುರ್ಗ, ಅಷ್ಟಗ್ರಾಮ, ನಗರ ಅಂತ ಮೂರಾಯಿತು, ಅವುಗಳ ಕೆಳಗೆ ಎಂಟು ಜಿಲ್ಲೆ. ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ. ನಮ್ಮ ತುಮಕೂರು ಜಿಲ್ಲೆ ಆದದ್ದು ಆಗಲೇ.